ಮೂತಿಗೊಂದು ಕಟಾಂಜನ

ಸಣ್ಣ ಹಾಯಿದೋಣಿಯಲ್ಲಿ ಅತಿ ಅಪಾಯದ ಜಾಗ ಅದರ ಮೂತಿ. ಗಾಳಿ ಜೋರಾದಾಗ ಮುಂದಿನ ಹಾಯಿ ಇಳಿಸಲು ಅಲ್ಲಿಗೇ ಹೋಗಬೇಕು. ಎರಡೂ ಕೈ ಹಾಯಿಯ ಕೊಕ್ಕೆ ಬಿಚ್ಚುವುದರಲ್ಲಿ ಇರುತ್ತವೆ. ಕಾಲಡಿಯ ಡೆಕ್ ಎದ್ದು ಬೀಳುತ್ತಿರುತ್ತದೆ. ಆಗ ಮೈ ಆನಿಸಲು ಉಕ್ಕಿನ ಕಟಾಂಜನವೊಂದು ಇದ್ದರೆ ಅದೇ ದೊಡ್ಡ ಧೈರ್ಯ. ಅದಕ್ಕೇ ಪಲ್ಪಿಟ್ ಎನ್ನುವುದು.

ಅಮೆರಿಕದ ಫ್ರಾಂಕ್ ಬಟ್ಲರ್ ರೂಪಿಸಿದ ಕ್ಯಾಟಲಿನಾ 22 ಎಂಬ ಸಣ್ಣ ಹಾಯಿದೋಣಿಗಳು 15,000ಕ್ಕೂ ಹೆಚ್ಚು ತಯಾರಾಗಿವೆ. ಇಂಥ ಹಳೆಯ ದೋಣಿ ಕೊಂಡು ಪಲ್ಪಿಟ್ ಹಾಕಿಸಲು ಹೊರಟವರು ಮೊದಲು ಕೊಳವೆಯ ಹೊಳಪು ನೋಡುತ್ತಾರೆ. ಉಪ್ಪುನೀರಿಗೆ 316 ದರ್ಜೆಯ ಸ್ಟೀಲ್ ಕೊಂಡರೆ ಆ ಚಿಂತೆ ಬಹುಮಟ್ಟಿಗೆ ಮುಗಿಯಿತು. ನಿಜವಾದ ಕೆಲಸ ಇರುವುದು ಡೆಕ್ಕಿನೊಳಗೆ.

24 ಇಂಚು ಎತ್ತರದ ಕಂಬಿಯ ಮೇಲೆ ಆಳೊಬ್ಬ ಬಿದ್ದನೆನ್ನಿ. ಬುಡದ ಬೋಲ್ಟುಗಳ ನಡುವೆ 2 ಇಂಚು ಅಂತರವಿದ್ದರೆ ಬೋಲ್ಟಿನ ಮೇಲಿನ ಎಳೆತ ಅವನು ಒತ್ತಿದ ಬಲದ ಸುಮಾರು ಹನ್ನೆರಡು ಪಟ್ಟಾಗುತ್ತದೆ. ಪಲ್ಪಿಟ್ಟಿನ ನಾಲ್ಕು ಕಾಲುಗಳು ಹಂಚಿಕೊಂಡರೂ ಅದು ಸಣ್ಣ ಬಲವಲ್ಲ. ಬರೀ ಸ್ಕ್ರೂ ಹಾಕಿ ಕೂರಿಸಿದ ಪಲ್ಪಿಟ್ ನನ್ನ ಪ್ರಕಾರ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಜನ ಅದನ್ನು ನಂಬುತ್ತಾರೆ. ಬೋಲ್ಟ್ ಡೆಕ್ಕನ್ನು ದಾಟಿ ಕೆಳಗಿಳಿಯಬೇಕು. ಅಲ್ಲಿ ಅಂಗೈ ಅಗಲದ ದಪ್ಪ ಫಲಕ ಕೊಟ್ಟು ನಟ್ ಬಿಗಿಯಬೇಕು.

ಇನ್ನು ತೂತಿನ ವಿಚಾರ. ಇಂಥ ಎಷ್ಟೋ ದೋಣಿಗಳ ಡೆಕ್ ಎಂದರೆ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ. ಬೋಲ್ಟಿನ ಅಳತೆಗೇ ಕೊರೆದು ಬಿಟ್ಟರೆ ನೀರು ಮರಕ್ಕಿಳಿದು ಒಳಗೊಳಗೇ ಕೊಳೆಸುತ್ತದೆ. ಹಾಗೆ ನೀರು ನಿಂತಲ್ಲಿ ಆಮ್ಲಜನಕ ಸಿಗದೆ ಸ್ಟೇನ್‌ಲೆಸ್ ಬೋಲ್ಟ್ ಕೂಡ ಸವೆಯುತ್ತದೆ, ಮೇಲಿನ ತಲೆ ಮಾತ್ರ ಫಳಫಳ. ಆದ್ದರಿಂದ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯಿರಿ. ಸುತ್ತಲಿನ ಮರವನ್ನು ಕೆರೆದು ತೆಗೆಯಿರಿ. ಕೆಳಗೆ ಟೇಪ್ ಅಂಟಿಸಿ ಗಟ್ಟಿ ಎಪಾಕ್ಸಿ ತುಂಬಿರಿ. ಅದು ಕಲ್ಲಾದ ಮೇಲೆ ನಟ್ಟನಡುವೆ ಬೋಲ್ಟಿನ ತೂತು ಕೊರೆಯಿರಿ. ಮೇಲ್ಬಾಯಿಯ ಅಂಚನ್ನು ತುಸು ಓರೆಯಾಗಿ ಉಜ್ಜಿ, ಹೋಳಿಗೆ ಕಣಕದಂತೆ ಎಳೆದಷ್ಟೂ ಎಳೆಯಾಗುವ ಬ್ಯುಟೈಲ್ ಪಟ್ಟಿಯನ್ನು ಬೋಲ್ಟಿಗೆ ಸುತ್ತಿರಿ. ಒಬ್ಬರು ಮೇಲೆ ಬೋಲ್ಟ್ ತಿರುಗದಂತೆ ಹಿಡಿಯಲಿ, ಇನ್ನೊಬ್ಬರು ಕೆಳಗೆ ನಟ್ ಮಾತ್ರ ತಿರುಗಿಸಲಿ. ಒಂದೇ ಸಲಕ್ಕೆ ಬಿಗಿಯಬಾರದು. ಹೆಚ್ಚಿನ ಬ್ಯುಟೈಲ್ ಹೊರಗೆ ಹಿಂಡಿ ಬರಲು ದಿನ ಬಿಟ್ಟು ದಿನ ಅಷ್ಟಷ್ಟೇ ಬಿಗಿಯಬೇಕು.

ಎತ್ತರದ ಬಗ್ಗೆ ಒಂದು ಮಾತು. ಹಾಯಿದೋಣಿ ಸ್ಪರ್ಧೆಗಳ ಜಾಗತಿಕ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ನಿಯಮ 8.5 ಮೀಟರಿಗಿಂತ ಚಿಕ್ಕ ದೋಣಿಗೆ 450 ಮಿ.ಮೀ. ಸಾಕೆನ್ನುತ್ತದೆ. ಅದು ಮೊಣಕಾಲಿಗೆ ತಾಗಿ ಆಳನ್ನು ಮುಗ್ಗರಿಸುವಂತೆ ಮಾಡುವ ಎತ್ತರ. ನೀವು 600 ಮಿ.ಮೀ. ಹಾಕಿಸಿ. ಕೊರೆಯುವ ಮುನ್ನ ಹಾಯಿ ಏರಿಸಿ ನೋಡಿ, ಅದರ ಬುಡ ಕಂಬಿಗೆ ಉಜ್ಜಬಾರದು. ಲಂಗರು ಎತ್ತಲೂ ಜಾಗ ಉಳಿಯಬೇಕು.

ಪಲ್ಪಿಟ್ ಎಷ್ಟೇ ಗಟ್ಟಿಯಿರಲಿ, ಮೈಗೆ ಕಟ್ಟಿದ ಸುರಕ್ಷಾ ಹಗ್ಗವನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಆ ಹಗ್ಗಕ್ಕೆ ಡೆಕ್ಕಿನಲ್ಲೇ ಬೇರೆ ಕೊಂಡಿ ಹಾಕಿಸಿ, ಅದರ ಕೆಳಗೂ ಇಂಥದೇ ಫಲಕ ಇರಲಿ.