ಮನೆಯಲ್ಲಿ ಕಟ್ಟಿದ ಗಾನಯಂತ್ರ

ಲೋಕಾಪುರದ ಸೀಮೆಗೆ ಶ್ರವಣಸಂಸ್ಕಾರವು ಹೊಸತಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಇರುಳೆಲ್ಲ ಕುಳಿತು ಕೇಳಿದ, ನೆರೆಯ ಬೀಳಗಿಯಲ್ಲಿ ಹುಟ್ಟಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿಯವರ ಕಂಠವನ್ನು ತನ್ನದೆಂದು ಬಗೆಯುವ ಈ ನಾಡಿನಲ್ಲಿ, ಉತ್ತಮ ಧ್ವನಿಯ ಡಿಜಿಟಲ್ ಪ್ಲೇಯರೊಂದನ್ನು ಸ್ವಹಸ್ತದಿಂದ ಕಟ್ಟಿಕೊಳ್ಳುವ ಹವ್ಯಾಸವನ್ನು, ಅದರ ಸಲಕರಣೆಗಳ ಬೆಲೆಯಿಂದಲ್ಲ, ಅದು ಕೇಳಿಸುವ ಗಾನದಿಂದಲೇ ಅಳೆಯುವುದು ಯುಕ್ತ.

ಯಂತ್ರದ ಅಂಗಗಳು ಅಲ್ಪವೇ. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಗಣಕ, ಅಂಕಿಗಳನ್ನು ಧ್ವನಿಯ ವಿದ್ಯುತ್ತರಂಗವಾಗಿ ಮಾರ್ಪಡಿಸುವ ಡ್ಯಾಕ್ ಫಲಕ, ವೊಲ್ಯೂಮಿಯೊದಂತಹ ತಂತ್ರಾಂಶ, ಹಾಡುಗಳನ್ನು ತುಂಬಿದ ಹಾರ್ಡ್‌ಡಿಸ್ಕ್: ಇಷ್ಟೇ ಸಾಮಗ್ರಿ. ಎಂಪಿ3 ಕಡತವು ಕಿವಿಗೆ ತಿಳಿಯದೆಂದು ಎಣಿಸಿದ ಅಂಶಗಳನ್ನು ತ್ಯಜಿಸಿ ಚಿಕ್ಕದಾದರೆ, ಫ್ಲ್ಯಾಕ್ ಕಡತವು ಮೂಲದ ಒಂದಂಕಿಯನ್ನೂ ಕಳೆಯದೆ ಸಂಕ್ಷಿಪ್ತವಾಗುವುದರಿಂದ, ನಿಷ್ಠೆಯ ಮೊದಲ ನಿಬಂಧನೆ ಅಲ್ಲಿಯೇ ಈಡೇರುತ್ತದೆ.

ಆದರೆ ಇಲ್ಲಿಂದ ಮುಂದೆ ಹವ್ಯಾಸಿಗಳ ವಿವೇಕವು ಸಂಖ್ಯಾಮೋಹಕ್ಕೆ ವಶವಾಗುವುದುಂಟು. ಸೆಕೆಂಡಿಗೆ 44,100 ಮಾದರಿಗಳನ್ನು 16 ಬಿಟ್‌ಗಳಲ್ಲಿ ಹಿಡಿದಿಡುವ ಸಿ.ಡಿ.ಯ ಕ್ರಮವು ಸುಮಾರು 22,000 ಹರ್ಟ್ಜ್‌ವರೆಗಿನ ನಾದವನ್ನು ಒಳಗೊಳ್ಳಬಲ್ಲದು; ಮನುಷ್ಯಶ್ರವಣದ ಮೇಲ್ಮಿತಿಯೋ ತಾರುಣ್ಯದಲ್ಲಿಯೂ 20,000ದ ಆಸುಪಾಸು. ಹೀಗಿರಲು, ಅದಕ್ಕಿಂತಲೂ ಬಹಳ ಕೆಳಗೇ ನಿಲ್ಲುತ್ತಿದ್ದ ಅಮೀರಬಾಯಿಯವರ ಕಾಲದ ಅರಗಿನ ತಟ್ಟೆಗಳನ್ನು 192 ಕಿಲೋಹರ್ಟ್ಜ್‌ನ ಕಡತವಾಗಿ ಮಾಡಿಕೊಂಡರೆ, ಕೇಳುವವನಿಗೆ ಅಧಿಕವಾಗಿ ದೊರೆಯುವುದು ಗಾನವಲ್ಲ, ಮುಳ್ಳಿನ ಸರಬರ ಸದ್ದಿನ ಸವಿಸ್ತರ ದಾಖಲೆ.

ನಿಜವಾದ ಪರೀಕ್ಷೆ ತಂಬೂರಿಯದು. ಅರ್ಥಿಂಗ್ ಸರಿಯಿಲ್ಲದೆಡೆ ಆಂಪ್ಲಿಫೈಯರಿನೊಳಗೆ ನುಸುಳುವ ಗೃಹವಿದ್ಯುತ್ತಿನ ಗುಂಯ್‌ಕಾರವು 50 ಹರ್ಟ್ಜ್‌ನಲ್ಲಿಯೂ ಅದರ ಇಮ್ಮಡಿಯಾದ 100ರಲ್ಲಿಯೂ ನೆಲೆಸುತ್ತದೆ. ಪುರುಷಕಂಠಕ್ಕೆ ಶ್ರುತಿಗೂಡಿಸಿದ ತಂಬೂರಿಯ ಖರ್ಜದ ತಂತಿಯೂ ಬಹುಮಟ್ಟಿಗೆ ಇವೆರಡರ ನಡುವೆಯೇ ಕಂಪಿಸುತ್ತದೆ. ತಬಲಾದ ಅಬ್ಬರದಲ್ಲಿ ಮರೆಯಾಗುವ ಈ ದೋಷವು, ಮಲ್ಲಿಕಾರ್ಜುನ ಮನ್ಸೂರರು ರಾಗಕ್ಕೆ ತೊಡಗುವ ಮುನ್ನಿನ ಕ್ಷಣಗಳಲ್ಲಿ ಬೇಸುರದ ಇನ್ನೊಂದು ತಂತಿಯಾಗಿ ನಿಲ್ಲುತ್ತದೆ. ಇದನ್ನು ದುಬಾರಿ ಡ್ಯಾಕ್ ನೀಗಿಸದು. ಸ್ವಚ್ಛ ವಿದ್ಯುತ್ಪೂರೈಕೆ, ಯೋಗ್ಯ ಅರ್ಥಿಂಗ್, ತಂತಿಗಳ ವಿಚಾರಯುಕ್ತ ಜೋಡಣೆ ನೀಗಿಸುತ್ತವೆ.

ಆದುದರಿಂದ, ಮೊದಲು ವಿದ್ಯುತ್ತು ಮತ್ತು ಸ್ಪೀಕರು, ತರುವಾಯ ಡ್ಯಾಕ್, ಕಟ್ಟಕಡೆಗೆ ಅಂಕಿಗಳ ಆಡಂಬರ ಎಂಬ ಕ್ರಮವನ್ನು ಪಾಲಿಸಿದವನ ಯಂತ್ರವೇ ಸಾರ್ಥಕ. ಕೆಟ್ಟ ಭಾಗವನ್ನಷ್ಟೇ ಬದಲಿಸಿ ಉಳಿದುದನ್ನು ಕಾಪಾಡಿಕೊಳ್ಳಬಹುದೆಂಬುದು ಈ ಗೃಹನಿರ್ಮಿತಿಯ ನಿರ್ವಿವಾದ ಗುಣ. ಅಂಗಡಿಯ ಯಂತ್ರವನ್ನು ಇದು ಧ್ವನಿಯಲ್ಲಿ ಸದಾ ಮೀರಿಸುವುದೆಂಬ ಮಾತು ಮಾತ್ರ ಕಟ್ಟಿದವನ ಅಭಿಮಾನಕ್ಕೆ ಸೇರಿದ್ದು.