ನೇರಳೆ ಬಟ್ಟೆ, ಗಂಡು ದವಡೆ

ಜಪಾನಿನ ಕಬುಕಿ ನಾಟಕದ ನಟರ ಮರದಚ್ಚಿನ ಚಿತ್ರಗಳಲ್ಲಿ ಹೆಣ್ಣಾಗಿ ಕಾಣುವವರೆಲ್ಲ ಗಂಡಸರೇ. ರಂಗದ ಮರೆಯಲ್ಲಿ ಮೈಮಾರಾಟ ನಡೆಯುತ್ತದೆಂದು ಶೋಗುನ್ ಸರ್ಕಾರ 1629ರಲ್ಲಿ ಹೆಂಗಸರನ್ನು ರಂಗದಿಂದ ಹೊರಹಾಕಿತು. 1652ರಲ್ಲಿ ಹರೆಯದ ಹುಡುಗರಿಗೂ ಅದೇ ಗತಿ. ಉಳಿದ ಗಂಡಸರು ಮುಂದಲೆ ಬೋಳಿಸಿಕೊಂಡೇ ಬರಬೇಕಾಯಿತು. ಒನ್ನಗಾತ, ಅಂದರೆ ಸ್ತ್ರೀವೇಷಧಾರಿ, ಆ ಬೋಳನ್ನು ನೇರಳೆ ಬಟ್ಟೆಯ ತುಂಡಿನಿಂದ ಮುಚ್ಚಿಕೊಂಡ. ಶಿಕ್ಷೆಯ ಗುರುತನ್ನು ಮರೆಸಲು ಬಂದ ಬಟ್ಟೆ ಕ್ರಮೇಣ ಶೃಂಗಾರವೇ ಆಯಿತು. ಸುಂದರಿಯ ಹಣೆಯ ಮೇಲೆ ಅದು ಕಂಡರೆ, ಒಳಗಿರುವವನು ನಟ ಎಂದೇ ಅರ್ಥ.

ಒನ್ನಗಾತ ಮನೆಯಲ್ಲೂ ಹೆಣ್ಣಿನಂತೆಯೇ ಬಾಳಬೇಕೆಂಬುದು ಹೆಸರಾಂತ ಒನ್ನಗಾತ ಯೊಶಿಜಾವಾ ಅಯಾಮೆಯ ಪಾಠ. ಟೊರಿಯಿ ಮನೆತನದ ಚಿತ್ರಕಾರರು ಈ ಭ್ರಮೆಗೆ ಭಂಗ ತರಲಿಲ್ಲ: ಎಲ್ಲರಿಗೂ ಒಂದೇ ಮುಖ, ನಟನ ಗುರುತಿಗೆ ತೋಳಿನ ಮೇಲಿನ ಲಾಂಛನ. 1760ರ ದಶಕದಲ್ಲಿ ಕತ್ಸುಕಾವಾ ಶುನ್‌ಶೋ ನಟರ ನಿಜವಾದ ಚಹರೆ ಬರೆಯತೊಡಗಿದ. 1794ರಲ್ಲಿ ಶರಾಕು ಸಂಕೋಚವನ್ನೇ ಬಿಟ್ಟ. ಅವನ ಚಿತ್ರದಲ್ಲಿ ಒನ್ನಗಾತ ಸೆಗಾವಾ ತೊಮಿಸಬುರೊ ಯಾದೊರಿಗಿ ಎಂಬ ಹೆಂಗಸಿನ ಪಾತ್ರದಲ್ಲಿದ್ದಾನೆ: ಅಭ್ರಕದ ಪುಡಿ ಮಿನುಗುವ ಕಪ್ಪು ಹಿನ್ನೆಲೆ, ಸಣ್ಣ ಕಣ್ಣು, ಉದ್ದ ಮೂಗು, ಪುಡಿ ಬಳಿದರೂ ಅಡಗದ ದವಡೆ. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೊದ್ದರಂತೆ. ಹತ್ತೇ ತಿಂಗಳಲ್ಲಿ ಶರಾಕುವಿನ ಆಟ ಮುಗಿಯಿತು. 1794ರಲ್ಲೇ ನಟರ ಸರಣಿ ಆರಂಭಿಸಿದ ತೊಯೊಕುನಿ ಎಲ್ಲರನ್ನೂ ತಿದ್ದಿ ತೀಡಿ ಚೆಲುವರನ್ನಾಗಿಸಿದ, ಗೆದ್ದ. ಅವನ ಶಿಷ್ಯಪರಂಪರೆ ಮುಂದಿನ ಅರ್ಧ ಶತಮಾನ ಮಾರುಕಟ್ಟೆ ಆಳಿತು. ಆ ನಯಗಾರಿಕೆಯನ್ನು ಇಂದಿಗೂ ಮೆಚ್ಚುವವರಿದ್ದಾರೆ; ತೊಮಿಸಬುರೊನ ದವಡೆಯ ಮುಂದೆ ಅದು ಬರೀ ಸಪ್ಪೆ.

ನಟನ ಅಂತಸ್ತು ಇನ್ನೂ ವಿಚಿತ್ರ. ಸಮುರಾಯಿ, ರೈತ, ಕುಶಲಕರ್ಮಿ, ವ್ಯಾಪಾರಿ ಎಂಬ ನಾಲ್ಕು ವರ್ಗಗಳಲ್ಲಿ ಅವನಿಗೆ ಜಾಗವಿರಲಿಲ್ಲ. ಬೈಗುಳದಲ್ಲಿ ಅವನು ‘ನದಿದಂಡೆಯ ಭಿಕ್ಷುಕ’. ಆದರೂ ವರ್ಷಕ್ಕೆ ಸಾವಿರ ರ್‍ಯೋ ಚಿನ್ನದ ನಾಣ್ಯ ಎಣಿಸಿಕೊಳ್ಳುವವನೆಂಬ ಖ್ಯಾತಿ ಮೇಲ್ಪಂಕ್ತಿಯ ನಟರಿಗಿತ್ತು. ಒನ್ನಗಾತ ಎರಡನೇ ಸೆಗಾವಾ ಕಿಕುನೊಜೊ ಉಟ್ಟ ಕಂದು ಬಣ್ಣಕ್ಕೆ ಎಡೊ ನಗರದ ಗೃಹಿಣಿಯರು ಮುಗಿಬಿದ್ದರು. ಹೆಣ್ಣು ಹೇಗೆ ಉಡಬೇಕೆಂದು ಹೆಣ್ಣಿಗೆ ಕಲಿಸಿದವನು, ಊರು ಕೀಳೆಂದ ಗಂಡಸು!

ಸರ್ಕಾರಕ್ಕೆ ಇದು ನುಂಗಲಾರದ ತುತ್ತು. 1842ರಲ್ಲಿ ಐಷಾರಾಮದ ಆರೋಪದ ಮೇಲೆ ನಟ ಏಳನೇ ಇಚಿಕಾವಾ ದಾಂಜುರೊನನ್ನು ಎಡೊದಿಂದ ಗಡಿಪಾರು ಮಾಡಿತು. ನಾಟಕಶಾಲೆಗಳು ಊರಂಚಿನ ಅಸಾಕುಸಾ ಸೇರಿದವು. ನಟರ ಚಿತ್ರಗಳಿಗೂ ನಿಷೇಧ ಬಂತು. ಚಿತ್ರಕಾರ ಕುನಿಯೊಶಿ ಆಗ ರಂಗೋಲಿಯ ಕೆಳಗೇ ನುಸುಳಿದ. ನಟರನ್ನು ಉಗ್ರಾಣದ ಗೋಡೆಯ ಮೇಲೆ ಯಾರೋ ಪುಂಡರು ಗೀಚಿದಂತೆ ಬರೆದು, ನಡುವೆ ಎರಡು ಬಾಲದ ಬೆಕ್ಕೊಂದನ್ನು ಕುಣಿಸಿದ. ಯಾವ ಮೂಗು ಯಾರದೆಂದು ಕೊಳ್ಳುವವರಿಗೆ ಹೇಳಿಕೊಡಬೇಕಿರಲಿಲ್ಲ.