ಬೆಂಡು ಓದುವವನ ಜೊತೆ ಒಂದು ದಿನ

ಮೈಸೂರಿನಲ್ಲಿ ಗಾಳದ ಮಾತು ಬಂತೆಂದರೆ ವ್ಯಾನ್ ಇಂಗೆನ್ ಹೆಸರು ಬಾರದೆ ಇರದು. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಕಳೆ ತುಂಬುತ್ತಿದ್ದ ಮನೆತನ ಅದು. ಆ ಮನೆಯ ಡಿವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಗಾಳದವರು ಇವತ್ತಿಗೂ ಹೇಳುವ ದಾಖಲೆ ಅದೇ. ಹೊಳೆ ದಂಡೆಯ ಜನರ ಬಾಯಲ್ಲಿ ಈ ಮೀನು ಬರೀ ಬಿಳಿ ಮೀನು.

ನಾನು ಮರೆಯದ ಗಾಳದ ದಿನಕ್ಕೆ ಅಂಥ ತೂಕವೇನೂ ಇಲ್ಲ. ನಂಜನಗೂಡಿನಿಂದ ಕೆಳಗೆ, ಅದೇ ಕಬಿನಿಯ, ಅಂದರೆ ನಮ್ಮ ಕಪಿಲೆಯ ದಂಡೆ. ರೀಲು, ಕಾರ್ಬನ್ ರಾಡು ನನ್ನವು. ಗೆಳೆಯನದು ಬಿದಿರು ಗಳು, ನವಿಲುಗರಿ ದಂಟಿನ ಬೆಂಡು, ಡಬ್ಬಿಯಲ್ಲಿ ಎರೆಹುಳು, ಎಲೆಯಲ್ಲಿ ಸುತ್ತಿದ ರಾಗಿ ಉಂಡೆ. ಸೋಂಪು ಕುಟ್ಟಿ ಹಾಕಿ ಗಟ್ಟಿಯಾಗಿ ನಾದಿದ್ದ. ಕಾವೇರಿ ದಂಡೆಯ ಭೀಮೇಶ್ವರಿಯ ಗಾಳದ ಶಿಬಿರಕ್ಕೆ ಬರುತ್ತಿದ್ದ ವಿಲಾಯಿತಿ ಗಾಳಗಾರರೂ ಕೊನೆಗೆ ಮೊರೆಹೋಗುತ್ತಿದ್ದದ್ದು ನಮ್ಮ ರಾಗಿಗೇ.

ಬೆಂಡು ತಟಪಟ ಕುಣಿದು ಪಕ್ಕಕ್ಕೆ ಜಾರಿತು. “ಜಿಲೇಬಿ” ಎಂದ. ಎತ್ತಿದರೆ ಜಿಲೇಬಿ ಮೀನೇ. ಸ್ವಲ್ಪ ಹೊತ್ತಿಗೆ ನೆಟ್ಟಗೆ ನಿಂತಿದ್ದ ಬೆಂಡು ಮೇಲೆದ್ದು ಅಡ್ಡ ಮಲಗಿತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ, ಮುಳುಗಿದರೆ ತಾನೇ ಮೀನು? ಅವನು ಗಳು ಎತ್ತೇಬಿಟ್ಟ. “ಗೆಂಡೆ. ತಳದಲ್ಲಿದ್ದ ಹುಳಾನ ಬಾಯಿಗಿಟ್ಕೊಂಡು ತಲೆ ಎತ್ತುತ್ತೆ. ಸೀಸದ ಭಾರ ಅದರ ಬಾಯಿಗೆ ಹೋಯ್ತು, ಬೆಂಡಿಗೆ ಭಾರ ಇಲ್ಲ, ಮಲಗ್ತು.” ಮೀನು ದಡಕ್ಕೆ ಬರುವ ಮೊದಲೇ ಹೆಸರು ಹೇಳುತ್ತಿದ್ದ, ತಪ್ಪಿದ್ದು ನಾನು ಕಾಣೆ.

ಮಧ್ಯಾಹ್ನ ಗಾಳಕ್ಕೆ ರಾಗಿ ಮೆತ್ತಿದ. ಬೆಂಡು ಕುಣಿಯಲಿಲ್ಲ, ಮಲಗಲಿಲ್ಲ, ಒಮ್ಮೆಲೇ ಮಾಯ. ಗಳುವಿನ ತುದಿ ನೀರು ಮುಟ್ಟಿತು. ಬಿಳಿ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಅರೆಯುವ ಹಲ್ಲುಗಳೆಲ್ಲ ಗಂಟಲಲ್ಲಿ. ಕಚ್ಚಿ ನೋಡುವ ಚೌಕಾಸಿ ಅದಕ್ಕಿಲ್ಲ, ಬಾಯಿಗೆ ಹಾಕಿಕೊಂಡದ್ದೇ ಓಟ. ಮೊಣಕಾಲುದ್ದ ನೀರಿನಲ್ಲಿ ಗೆಳೆಯನನ್ನು ಹಿಂದೆ ಮುಂದೆ ಓಡಾಡಿಸಿ ದಡಕ್ಕೆ ಬಂದದ್ದು ಮೊಳದುದ್ದದ ಮರಿ. ಅಂಗೈ ಒದ್ದೆ ಮಾಡಿಕೊಂಡು ಹಿಡಿದ, ನೀರಿನಲ್ಲೇ ಗಾಳ ಬಿಡಿಸಿದ.

ಆ ಮರಿಯ ರೆಕ್ಕೆ ನೀಲಿ. ಲೋನಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿ ಕಾವೇರಿಗೆ ತಂದು ಬಿಟ್ಟ ತಳಿ. ದಾಖಲೆಯ ತೂಕ ತೂಗುತ್ತಿದ್ದದ್ದು ಬೇರೆ ಮಹಶೀರ್: ಬೆನ್ನು ಡುಬ್ಬ, ಕಿತ್ತಳೆ ರೆಕ್ಕೆ, ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರು ಸಿಕ್ಕುವಷ್ಟರಲ್ಲಿ ಮೀನೇ ಸಿಕ್ಕದಂತಾಗಿತ್ತು.

ಈಗ ಕೆರೆ, ನಾಲೆ ಎಲ್ಲಿ ಗಾಳ ಇಳಿಬಿಟ್ಟರೂ ಮೊದಲು ಬೀಳುವುದು ಆಫ್ರಿಕಾದಿಂದ ಬಂದ ಜಿಲೇಬಿ. ಅದು ಕುಣಿಸುವ ಬೆಂಡನ್ನಷ್ಟೇ ನೋಡಿ ಬೆಳೆದವನಿಗೆ ಗೆಂಡೆಯ ಮಾತು ತಿಳಿಯದು. ನನ್ನ ಗೆಳೆಯನ ವಿದ್ಯೆ ಹತ್ತು ಬಗೆಯ ಮೀನಿದ್ದ ಹೊಳೆ ಕಲಿಸಿದ್ದು. ಮೀನಿನ ಬಗೆ ಕಮ್ಮಿಯಾದಷ್ಟೂ ಅದೂ ಕಮ್ಮಿಯಾಗುತ್ತದೆ.

ಹೊಸದಾಗಿ ಗಾಳ ಹಿಡಿಯುವವರು ರಾಡಿಗೆ ದುಡ್ಡು ಸುರಿಯುವ ಮೊದಲು ಒಂದು ಬೆಂಡು ಕಟ್ಟಿ, ಹರಿಯುವ ನೀರಿನ ಪಕ್ಕ ಕೂರಿ. ಬಿಳಿ ಮೀನು ಬಿದ್ದರೆ ರೆಕ್ಕೆಯ ಬಣ್ಣ ನೋಡಿಕೊಳ್ಳಿ, ಬಣ್ಣ ಯಾವುದಾದರೂ ನೀರಿಗೇ ಬಿಡಿ. ಸಾರಿಗೆ ಜಿಲೇಬಿ ಇದ್ದೇ ಇದೆ.